ಕಕ್ಷಿದಾರನ ಪಾತ್ರ

ಆರುನೂರ ಹನ್ನೆರಡು ಚೀಟಿಗಳು.
ಹಳದಿ ಒಪ್ಪಂದಕ್ಕೆ, ನೀಲಿ ಸಾಕ್ಷ್ಯಕ್ಕೆ,
ಗುಲಾಬಿಯವು ಸತ್ತವರ ಆಸ್ತಿಗೆ.
ಬರೆದವಳು ವರ್ಲೀನ್, ಓದಿದವನು ನಾನು,
ಎರಡು ಚಳಿಗಾಲ, ಇದೇ ಅಡುಗೆಮನೆ ಮೇಜಿನಲ್ಲಿ,
ಮಡಚಲಾರದ ಎರಡು ಬೆರಳ ಸಂದಿಗೆ ಸಿಕ್ಕಿಸಿ
ಒಂದೊಂದನ್ನೇ ಎತ್ತಿ ಹಿಡಿದು.

ಮೊದಲ ಸಲ ಹನ್ನೊಂದು ಅಂಕ ಕಡಿಮೆ.
ಎರಡನೆಯ ಸಲ ಮೂರು.
ಮೂರು!
ನಡುವೆ ಒಂದು ಸೀನು ಬಂದರೂ ಅಷ್ಟು ಹೋಗುತ್ತದೆ.

ಅವಳು ಫೇಲಾದಳು, ನನಗೆ ಬಾಯಿಪಾಠವಾಯಿತು.
ಇಪ್ಪತ್ತೆಂಟು ದಿನದ ಪಾಳಿಯಲ್ಲಿ, ಮಿಸಿಸಿಪ್ಪಿಯ ಮೇಲೆ,
ಜೋಳ ತುಂಬಿದ ಬಾರ್ಜಿಗೆ ಬಾರ್ಜು ಬಿಗಿಯುತ್ತ,
ಕಬ್ಬಿಣದ ಹಗ್ಗಕ್ಕೆ ಹೇಳುವವನಂತೆ ಗೊಣಗುತ್ತಿದ್ದೆ:
'ಬದುಕಿರುವ ಒಂದು ಜೀವ,
ಅದರ ಮೇಲೆ ಇಪ್ಪತ್ತೊಂದು ವರ್ಷ.'
ಅರ್ಥ ನನಗೂ ಗೊತ್ತಿಲ್ಲ.
ಹೊಸ ಹುಡುಗ ಡಾರೆಲ್ ಪ್ರಾರ್ಥನೆ ಅಂದುಕೊಂಡು
ಟೋಪಿ ತೆಗೆದ.

ಆಮೇಲೆ ಪತ್ರ ಬಂತು. ರಾಜ್ಯವು
ಪರೀಕ್ಷೆಯನ್ನೇ ಬದಲಿಸಿತ್ತು.
ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ಓದಿದಳು,
ಹಾಲು ಬೆಚ್ಚಗಾಗುವವರೆಗೆ.
ಬಾಯಿಪಾಠ ಪೂರ್ತಿ ತಪ್ಪಿಲ್ಲವಂತೆ. ಆದರೆ
ಕಾಯಿದೆಯ ಪುಟ ಅವರೇ ಕೊಡುತ್ತಾರಂತೆ,
ಕಡತ ಕೊಡುತ್ತಾರಂತೆ, ಎದುರಿಗೊಬ್ಬ ಮನುಷ್ಯ
ಕೂತಿದ್ದಾನೆ ಎಂದುಕೊಳ್ಳಬೇಕಂತೆ.
ಮೊದಲು ಅವನನ್ನು ಏನು ಕೇಳುತ್ತೀರಿ?

"ಇಷ್ಟೇನಾ?" ಅಂದೆ.
"ಇಷ್ಟೇ," ಅಂದಳು, ಮತ್ತೆ ಅಳಲಿಕ್ಕೆ ಶುರು.

ಚೀಟಿಗಳು ಷೂ ಡಬ್ಬಿಗೆ ಹೋದವು.
ಒಂದು ಹಳದಿ ಚೀಟಿ ಮೇಜಿನ ಕುಂಟುಕಾಲಿನ ಕೆಳಗೆ.
ನನಗೆ ಹೊಸ ಕೆಲಸ: ಕಕ್ಷಿದಾರ.
ಸೋಮವಾರ ನಾನು ಬೇಲಿ ಜಗಳದ ಹಾಲ್ವರ್ಸನ್,
ಬುಧವಾರ, ಬೇಕರಿಯ ಪಾಲುದಾರನಿಂದ ಮೋಸಹೋದ ವಿಧವೆ.
(ವಿಧವೆಯಾಗಿ ನಾನು ಚೆನ್ನಾಗಿದ್ದೆ.)
ಅವಳೋ, ಕೇಳಬೇಕಾದಲ್ಲಿ ಹೇಳಿಬಿಡುತ್ತಿದ್ದಳು,
ವಿಧವೆ ಕುರ್ಚಿ ಎಳೆದುಕೊಳ್ಳುವ ಮೊದಲೇ
ತಲೆಯಲ್ಲಿದ್ದ ಚೀಟಿಗಳೆಲ್ಲ ಉದುರುತ್ತಿದ್ದವು.

ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.
ಪುಸ್ತಕದ ಕಕ್ಷಿದಾರರು ಮುಗಿದಿದ್ದರು.
"ಯಾರನ್ನಾದರೂ ಕಟ್ಟು," ಅಂದಳು, ಗಡಿಯಾರ ತಿರುಗಿಸಿ,
"ನಿನ್ನ ಬಾಯಿಗೆ ಬಂದವನನ್ನು."

ಬಾಯಿಗೆ ಬಂದವನ ಎಡಗೈ
ಕೇರೊ ಹತ್ತಿರ, ಮಂಜಿನ ಬೆಳಗ್ಗೆ, ವಿಂಚಿಗೆ ಸಿಕ್ಕಿತ್ತು.
ಆಫೀಸಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ದ.
ಒಂಬತ್ತು ಸಾವಿರ ಡಾಲರು.
ಮನೆಗೆ ಬಂದು ಹೆಂಡತಿಗೆ ಹೇಳಿದ್ದ:
ವಿಮೆಯ ಹಣ.

ಪೆನ್ನು ನಿಂತಿತು.
ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ,
ಅವಳು ನನ್ನ ಕೈಯನ್ನು ನೋಡಲೇ ಇಲ್ಲ.
ಮುಖ ನೋಡಿದಳು. ತುಂಬ ಹೊತ್ತು. ಆಮೇಲೆ,
ನಾನು ಹಿಂದೆಂದೂ ಕೇಳಿರದ ಒಂದು ದನಿಯಲ್ಲಿ,
"ಸಹಿಗೆ ಮೊದಲು ಅವರು ನಿಮಗೆ ಏನು ಹೇಳಿದರು?"

ನಿಮಗೆ.

ಇವತ್ತೇ ಹಾಕಿದರೆ ಕೆಲಸ ಉಳಿಯುತ್ತದೆ ಅಂದರು.
ವಕೀಲರು ನಮ್ಮವರೇ ಅಂದರು. ನಮ್ಮವರು
ಅಂದರೆ ಯಾರವರು ಅಂತ ನಾನು ಕೇಳಲಿಲ್ಲ.
ನೀನಾಗ ತರಗತಿಯಲ್ಲಿದ್ದೆ, ಒಪ್ಪಂದದ ಪಾಠ,
ಸಂಜೆ ಅಷ್ಟು ಖುಷಿಯಾಗಿ ಬಂದಿದ್ದೆ.

ಆರು ವರ್ಷ.
ಹಸಿರು ಚೀಟಿ, ಕಾಲಮಿತಿ. ನಾನೇ ಓದಿ ಹೇಳಿದ್ದು
ನೂರು ಸಲ, ಯಾರದೋ ಕೈಯ ಬಗ್ಗೆ ಎಂಬಂತೆ:
ಅವಧಿ ಮೀರಿದ ಮೇಲೆ ಹಕ್ಕು ಇರುತ್ತದೆ,
ಬಾಗಿಲು ಇರುವುದಿಲ್ಲ.
ಅವಳಿಗೂ ಗೊತ್ತು. ಹೇಳಲಿಲ್ಲ.
ಇಬ್ಬರೂ ಷೂ ಡಬ್ಬಿಯ ಕಡೆ ನೋಡಲಿಲ್ಲ.

ಗಡಿಯಾರ ಕಿರುಚಿತು. ಸಮಯ ಮುಗಿದಿತ್ತು.
ಹೊರಗೆ ನದಿಗೋಡೆಯಾಚೆ ಯಾವುದೋ ಟೋಬೋಟು
ತಿರುವಿಗೆ ಬಂದು ಉದ್ದನೆ ಕೊಂಬು ಊದಿತು.
ವರ್ಲೀನ್ ಹಾಳೆ ಮಗುಚಿದಳು,
ಖಾಲಿ ಪುಟದ ಮೇಲೆ ಇವತ್ತಿನ ತಾರೀಖು ಬರೆದಳು.

"ಆ ಕೋಣೆಯಲ್ಲಿ," ಅಂದಳು,
"ಇನ್ನೂ ಯಾರಿದ್ದರು?"